ಮಾಳಕ್ಕನ ಹೆಸರಿನ ಮೂವತ್ತೆಂಟು ಗೀಟು

ನನ್ನ ಹತ್ತಿರ ಎರಡು ಪುಸ್ತಕಗಳಿದ್ದವು. ಒಂದನ್ನು ಕೊಟ್ಟೆ, ಇನ್ನೊಂದನ್ನು ಬಚ್ಚಿಟ್ಟೆ. ಕೊಟ್ಟದ್ದರಲ್ಲಿ ಇದ್ದ ಲೆಕ್ಕ ತಪ್ಪು ಎಂದು ನನಗೆ ಗೊತ್ತಿತ್ತು. ಸರಿಯಾದ ಲೆಕ್ಕ ಬಚ್ಚಿಟ್ಟದ್ದರಲ್ಲಿತ್ತು. ನಾನು ಹೀಗೆ ಮಾಡಿದ್ದರಿಂದ ಮಾಳವ್ವ ಎಂಬ ಆಟಗಾರ್ತಿಯ ಕಬಡ್ಡಿ ಮುಗಿಯಿತು. ಕಬಡ್ಡಿಯ ಹಿಂದೆಯೇ ಅವಳಿಗೆ ಸಿಗಬೇಕಾಗಿದ್ದ ನೌಕರಿಯೂ ಹೋಯಿತು. ನನ್ನನ್ನು ಯಾರೂ ಹೆದರಿಸಿರಲಿಲ್ಲ, ಒತ್ತಾಯಿಸಿರಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. ನಾನು ಕೊಟ್ಟದ್ದು ಎರಡೇ ಉತ್ತರ.

ಇದಾಗಿ ನಾಲ್ಕು ವರ್ಷ. ಆಗ ನನಗೆ ಇಪ್ಪತ್ತು. ಚಿಕ್ಕವಳಿದ್ದೆ ಎಂದು ಬರೆಯಲು ಹೊರಟು ಎರಡು ಸಲ ಹೊಡೆದು ಹಾಕಿದ್ದೇನೆ. ಎಣಿಸಲು ಬರುವಷ್ಟು ದೊಡ್ಡವಳಂತೂ ಆಗಿದ್ದೆ.

ಎಣಿಸುವುದು ನನಗೆ ಮನೆಯಿಂದ ಬಂದದ್ದು. ಗುಳೇದಗುಡ್ಡದ ನಮ್ಮ ಮನೆಯಲ್ಲಿ ಅಪ್ಪ ಕುಪ್ಪಸದ ಖಣ ನೇಯುತ್ತಾರೆ. ಒಂದು ಎಳೆ ಲೆಕ್ಕ ತಪ್ಪಿದರೆ ಅಂಚಿನ ಹೂವು ವಾರೆಯಾಗುತ್ತದೆ ಎಂದು ಮಗ್ಗದ ಪಕ್ಕದಲ್ಲಿ ಕೂತು ಕಲಿತವಳು ನಾನು. ಎಂಟನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ತಾರೀಖು, ವಾರ, ಎದ್ದ ಹೊತ್ತು, ಓಡಿದ ಸುತ್ತು, ತಿಂದ ರೊಟ್ಟಿ. ಬಾಗಲಕೋಟೆಯ ಮಹಿಳಾ ಕಬಡ್ಡಿ ತಂಡಕ್ಕೆ ಆಯ್ಕೆಯಾಗಿ ನವನಗರದ ಬಾಡಿಗೆ ಮನೆಗೆ ಹೋದ ಮೊದಲ ವಾರದಲ್ಲೇ ಹುಡುಗಿಯರು ನನಗೆ ತಲಾಠಿ, ಅಂದರೆ ಊರಿನ ಲೆಕ್ಕ ಬರೆಯುವವಳು, ಎಂದು ಹೆಸರಿಟ್ಟರು.

"ಏ, ತಲಾಠಿ ಬಂದ್ಲು, ಸುಮ್ನಿರ್ರಿ. ಎಷ್ಟು ಸಲ ಆಕಳಿಸಿದ್ರಿ ಅಂತ ಬರಕೋತಾಳ!"

ಅದು ಸಂಬಳ ಕೊಟ್ಟು ಆಡಿಸುವ ತಂಡ. ಇಳಕಲ್ಲಿನಲ್ಲಿ ಗ್ರಾನೈಟ್ ಕಾರ್ಖಾನೆ ಇದ್ದ ಸಾವ್ಕಾರರೊಬ್ಬರು ಹುಮ್ಮಸ್ಸಿನಲ್ಲಿ ಕೊಂಡು, ಕೆಂಪುಗಲ್ಲು ಎಂದು ಹೆಸರಿಟ್ಟಿದ್ದರು. ಆ ಹಂಗಾಮಿಗೆ ಹನ್ನೊಂದು ಪಂದ್ಯ. ಕೋಚು ನದಾಫ್ ಸರ್. ನಾಯಕಿ ಮಾಳವ್ವ, ನಮಗೆಲ್ಲ ಮಾಳಕ್ಕ. ಹುನಗುಂದದ ಕಡೆಯವಳು, ಅವರದು ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಆಗ ಅವಳಿಗೆ ಇಪ್ಪತ್ತೊಂಬತ್ತು. ಎಡ ಕಾರ್ನರ್ ಅವಳ ಜಾಗ, ಅಂದರೆ ಅಂಕಣದ ಎಡತುದಿಯಲ್ಲಿ ನಿಂತು, ಒಳಗೆ ಬಂದ ಎದುರಾಳಿಯ ಕಾಲಿಗೆ ಮೊದಲು ಕೈ ಹಾಕುವವಳು. ಆ ಜಾಗಕ್ಕೆ ಬದಲಿ ಆಟಗಾರ್ತಿ ನಾನು. ಅವಳು ದಣಿದು ನಡುವಿಗೆ ಸರಿದು ಆಡಿದಾಗ ಮಾತ್ರ ನನಗೆ ಅಂಕಣ.

ಪ್ರತಿ ಪಂದ್ಯಕ್ಕೂ ಮೊದಲು ಮಾಳಕ್ಕ ಸಣ್ಣ ಚೀಲದಿಂದ ಭಂಡಾರ ತೆಗೆದು ಎಲ್ಲರ ಹಣೆಗೂ ಹಚ್ಚುತ್ತಿದ್ದಳು. ನನ್ನ ಹಣೆಯ ಮೇಲೆ ಮೊದಲೇ ವಿಭೂತಿ ಇರುತ್ತಿತ್ತು. ಅದನ್ನು ಕೆಡಿಸದೆ ನನ್ನ ಗಂಟಲಿಗೆ ಅರಿಶಿನ ಎಳೆಯುತ್ತಿದ್ದಳು. "ಕಬಡ್ಡಿ ಕಬಡ್ಡಿ ಅಂತ ಒದರೂದು ಇದ ಅಲ್ಲೇನು? ಇದಕ್ಕೂ ಬೇಕ ತಗೋ." ಆ ಬೆರಳಿನ ಒರಟು ಈಗಲೂ... ಇರಲಿ. ಕ್ರಮವಾಗಿ ಹೇಳುತ್ತೇನೆ.

ಮೂರನೆಯ ಪಂದ್ಯದ ಹೊತ್ತಿಗೆ ಸಾವ್ಕಾರರು ತಂಡ ಮಾರುತ್ತಾರಂತೆ ಎಂಬ ಸುದ್ದಿ ಬಂತು. ಬಂದದ್ದು ಅವರಿಂದಲ್ಲ, ನಮ್ಮ ಬಸ್ಸಿನ ಡ್ರೈವರನಿಂದ. ಆ ದಿನದಿಂದ ದಿನಚರಿಯಲ್ಲಿ ಹೊಸದೊಂದು ಸಾಲು ಶುರುವಾಯಿತು: "ಮಾಲೀಕರು: ಗೊತ್ತಿಲ್ಲ." ಆ ಸಾಲನ್ನು ನಾನು ಐವತ್ತೆರಡು ದಿನ ಬರೆದೆ. ಸೋಲಾಪುರದವರು ಕೊಂಡರಂತೆ. ಇಲ್ಲ, ಬಿಟ್ಟರಂತೆ. ಹುಬ್ಬಳ್ಳಿಯವರು ನೋಡಿ ಹೋದರಂತೆ. ಸಾವ್ಕಾರರಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೆ "ನೀವು ಆಡ್ರಿ, ಆಡೂದು ನಿಮ್ಮ ಕೆಲಸ" ಎನ್ನುತ್ತಿದ್ದರು. ಪಂದ್ಯದ ದಿನ ತಂಡದ ಹಾಳೆ ತುಂಬಿ ಕೊಡಬೇಕು, ಅದರಲ್ಲಿ ಮಾಲೀಕರ ಹೆಸರಿಗೆ ಒಂದು ಜಾಗ. ನದಾಫ್ ಸರ್ ಅದನ್ನು ಖಾಲಿ ಬಿಡುತ್ತಿದ್ದರು. ಅಧಿಕಾರಿ ಕೇಳಿದರೆ, "ನಿಮಗ ಗೊತ್ತಾದ್ರ ನಮಗೂ ಹೇಳ್ರಿ ಸರ್" ಎನ್ನುತ್ತಿದ್ದರು. ನಗುತ್ತಿರಲಿಲ್ಲ.

ಆರನೆಯ ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಹೋದರೆ, ನಾಲ್ಕು ಜನ ಕೂಲಿಗಳು ನೀಲಿ ಮ್ಯಾಟಿನ ತುಂಡುಗಳನ್ನು ಒಂದೊಂದಾಗಿ ಕಿತ್ತು ಟ್ರಕ್ಕಿಗೆ ಹಾಕುತ್ತಿದ್ದರು. ಮ್ಯಾಟು ಸಾವ್ಕಾರರ ಹೆಸರಿನಲ್ಲಿತ್ತಂತೆ, ತಂಡದ ಹೆಸರಿನಲ್ಲಲ್ಲ. ನಾನು ತುಂಡು ಎಣಿಸುತ್ತ ನಿಂತೆ. ಬೇರೆ ಏನು ಮಾಡಬೇಕು ತಿಳಿಯಲಿಲ್ಲ. ಎಣಿಸಿದೆ, ಬರೆದುಕೊಂಡೆ, ಅಷ್ಟೇ. ಆಮೇಲೆ ನಾವು ಬಾದಾಮಿಗೆ ಹೋಗಿ ಗುಡ್ಡದ ಬುಡದ ಮಣ್ಣಿನ ಮೈದಾನದಲ್ಲಿ ಅಭ್ಯಾಸ ಮಾಡಿದೆವು. ಮೊಣಕೈ, ಮೊಣಕಾಲು ಎಲ್ಲ ಕೆಂಪು ಮಣ್ಣು. "ಈಗ ನೋಡ್ರಿ, ಖರೆ ಕೆಂಪುಗಲ್ಲು ಆದಿವಿ" ಎಂದು ಮಾಳಕ್ಕ ನಗಿಸಿದಳು. ನನಗೆ ನಗು ಬರಲಿಲ್ಲ. ಮೈ ಮುರಿದು ದುಡಿಯುವುದು ಯಾರಿಗಾಗಿ ಎಂದು ಗೊತ್ತಿಲ್ಲದೆ ದುಡಿಯುವುದು ಬಹಳ ಕೆಟ್ಟದ್ದು. ಆ ಸಿಟ್ಟಿಗೆ ಎದುರಿಗೆ ಯಾರೂ ಇರುವುದಿಲ್ಲ. ಅದು ಪಕ್ಕದವರ ಮೇಲೆ ತಿರುಗುತ್ತದೆ.

ಪಕ್ಕದಲ್ಲಿದ್ದವಳು ಮಾಳಕ್ಕ.

ಈಗ ಪುಸ್ತಕದ ವಿಷಯ. ತಂಡದ ಲೆಕ್ಕದ ಪುಸ್ತಕ ಬರೆಯುವ ಕೆಲಸ ನದಾಫ್ ಸರ್ ನನಗೆ ವಹಿಸಿದ್ದರು. ಉದ್ದನೆಯ ನೋಟ್‌ಬುಕ್ಕು, ಅವ್ವ ಅದಕ್ಕೆ ಖಣದ ಅರಿವೆಯ ಹೊದಿಕೆ ಹೊಲಿದು ಕೊಟ್ಟಿದ್ದಳು. ಯಾರು ಎಷ್ಟು ಅಂಕ ತಂದರು, ಯಾರ ಕೈಯಿಂದ ಎದುರಾಳಿ ತಪ್ಪಿಸಿಕೊಂಡಳು, ಎಲ್ಲ ಅದರಲ್ಲಿ. ಹೀಗೆ ಕೈತಪ್ಪಿದ ಪ್ರತಿ ಹಿಡಿತಕ್ಕೂ ಹೆಸರಿನ ಮುಂದೆ ಒಂದು ಗೀಟು. ಆದರೆ ನಾಲ್ಕೈದು ಜನ ಒಟ್ಟಿಗೆ ಮುಗಿಬಿದ್ದಾಗ ತಪ್ಪು ಯಾರದು? ಎರಡನೆಯ ಪಂದ್ಯದಲ್ಲಿ ಇದೇ ವಿಷಯಕ್ಕೆ ಹುಡುಗಿಯರು ಜಗಳಾಡಿದರು. "ನಾ ಅಲ್ಲ, ಆಕಿ ಬಿಟ್ಟಾಕಿ!" "ನೀನ ಮೊದಲು ಸರದಿ!" ಮಾಳಕ್ಕ ನಡುವೆ ಬಂದಳು.

"ತಲಾಠಿ, ಇನ್ನ ಮ್ಯಾಲ ಯಾರು ಕೈ ಎತ್ತತಾರ ಅವರ ಹೆಸರಿಗೆ ಗೀಟು ಹೊಡಿ. ಜಗಳ ಬ್ಯಾಡ."

ಅಂದಿನಿಂದ ಹಿಡಿತ ತಪ್ಪಿದ ಕೂಡಲೇ ಒಂದು ಕೈ ಮೇಲೇಳುತ್ತಿತ್ತು. ಯಾವಾಗಲೂ ಒಂದೇ ಕೈ. ಯಾರ ತಪ್ಪಿದ್ದರೂ ಮಾಳಕ್ಕ ಬಲಗೈ ಎತ್ತಿ ಬೆಂಚಿನ ಕಡೆ ನೋಡುತ್ತಿದ್ದಳು: ನಂದು. ನದಾಫ್ ಸರ್ ಬಯ್ಯುವುದು ಜೋರು. ಹೊಸ ಹುಡುಗಿ ಬೈಸಿಕೊಂಡರೆ ಮುಂದಿನ ಸಲ ಕೈ ಹಾಕಲು ಹೆದರುತ್ತಾಳೆ. ಮಾಳಕ್ಕ ಹೆದರುವುದಿಲ್ಲ. ಹೀಗೆ ಬೈಗುಳವೆಲ್ಲ ಅವಳ ಮೇಲೆ ಬಿತ್ತು, ಪುಸ್ತಕದ ಗೀಟುಗಳೂ ಅವಳ ಹೆಸರಿನ ಮುಂದೆ ಬಿದ್ದವು. ಇದು ನಮಗೆಲ್ಲ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು. ಪುಸ್ತಕ ತಂಡದ ಒಳಗೇ ಇರುವವರೆಗೆ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಆದರೆ ನಾನು ಸುಮ್ಮನಿರುವವಳಲ್ಲ. ತಪ್ಪು ಲೆಕ್ಕ ನನಗೆ ನಿದ್ದೆ ಕೊಡುವುದಿಲ್ಲ. ನನ್ನ ಸ್ವಂತ ದಿನಚರಿಯಲ್ಲಿ ಪ್ರತಿ ಪಂದ್ಯದ ನಿಜವಾದ ಲೆಕ್ಕ ಬೇರೆಯಾಗಿ ಬರೆದಿಡುತ್ತಿದ್ದೆ, ಕೆಂಪು ಶಾಯಿಯಲ್ಲಿ. ಒಂಬತ್ತು ಪಂದ್ಯ ಮುಗಿದಾಗ ತಂಡದ ಪುಸ್ತಕದಲ್ಲಿ ಮಾಳಕ್ಕನ ಹೆಸರಿಗೆ ಮೂವತ್ತೆಂಟು ಗೀಟು. ನನ್ನ ಹೆಸರಿಗೆ ಒಂದೂ ಇಲ್ಲ. ದಿನಚರಿಯಲ್ಲಿ ಬೇರೆ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಇನ್ನೊಂದು ವಿಷಯ ಹೇಳಲೇಬೇಕು. ಮಾಳಕ್ಕ ಕ್ರೀಡಾ ಕೋಟಾದ ನೌಕರಿಯೊಂದಕ್ಕೆ ಅರ್ಜಿ ಹಾಕುವವಳಿದ್ದಳು. ಅದಕ್ಕೆ ಮುಂದಿನ ಹಂಗಾಮಿನ ತಂಡದ ಪಟ್ಟಿಯಲ್ಲಿ ಅವಳ ಹೆಸರಿರುವ ಪತ್ರ ಬೇಕು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. "ಮಾಲಕ ಯಾವಂವರ ಆಗಲಿ, ನನ್ನ ಹೆಸರು ಇನ್ನೊಂದು ವರ್ಷ ಪಟ್ಟಿಯೊಳಗ ಇದ್ರ ಸಾಕು ನೀಲಾ" ಎಂದು ಬಾದಾಮಿಯ ಮೈದಾನದಲ್ಲಿ, ಮೊಣಕಾಲಿನ ಮಣ್ಣು ಕೆರೆಯುತ್ತ, ನನಗೇ ಹೇಳಿದ್ದಳು. ತಾರೀಖು ಬರೆದಿಟ್ಟಿದ್ದೇನೆ. ಅಂದರೆ ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ.

ಫೆಬ್ರುವರಿಯ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಸಾವ್ಕಾರರು ಪುಸ್ತಕ ತೆಗೆದುಕೊಂಡು ಇಳಕಲ್ಲಿಗೆ ಬಾ ಎಂದು ಹೇಳಿ ಕಳಿಸಿದರು. ನದಾಫ್ ಸರ್ ಊರಲ್ಲಿರಲಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಕಲ್ಲು ಕೊಯ್ಯುವ ಯಂತ್ರ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಒಳಗಿನ ಕೋಣೆಯಲ್ಲಿ ಹೊಸದಾಗಿ ತಂಡ ಕೊಳ್ಳುವವರ ಪರವಾಗಿ ಬಂದ ದೇಸಾಯರು ಎಂಬುವರು ಕೂತಿದ್ದರು. ಇಸ್ತ್ರಿ ಮುರಿಯದ ಅಂಗಿ, ಸೌಮ್ಯ ಮಾತು. ಕೆಟ್ಟವರಲ್ಲ ಅವರು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನಮ್ಮ ತಂಡದವಳೊಬ್ಬಳನ್ನು ಕೂಡ್ರಿಸಿ ಚಹಾ ಕೊಟ್ಟು ಮಾತಾಡಿಸಿದ ಮನುಷ್ಯ.

"ಬಾ ತಂಗಿ, ಕುಂಡ್ರು. ಭಾಳ ಚಂದ ಲೆಕ್ಕ ಇಟ್ಟೀಯಂತ. ತೋರ್ಸು."

ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು.

"ಈ ಮಾಳವ್ವಂದು ಮೂವತ್ತೆಂಟು ಸಲ ಕೈತಪ್ಪೈತಿ. ಖರೆ ಏನು?"

ಆ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಹೊರಗಿನ ಯಂತ್ರ ಒಂದು ಕಲ್ಲು ಮುಗಿಸಿ ನಿಂತಿತು. ಕೈ ಎತ್ತುವ ಪದ್ಧತಿಯನ್ನು ವಿವರಿಸಲು ಎರಡು ವಾಕ್ಯ ಸಾಕಿತ್ತು. ಬಾಯಿಗೆ ಬಂದಿದ್ದವು ಕೂಡ. ನನ್ನ ಬಗಲಚೀಲದಲ್ಲಿ ದಿನಚರಿ ಇತ್ತು, ತೊಡೆಯ ಮೇಲೆ, ಅದರ ಮೂಲೆ ನನಗೆ ಒತ್ತುತ್ತಿತ್ತು.

"ಹೌದ್ರಿ" ಎಂದೆ.

"ಹಂಗಾದ್ರ ಎಡ ಕಾರ್ನರ್‌ಗೆ ಬ್ಯಾರೆ ಯಾರದಾರ?"

"ನಾ ಆಡ್ತೇನ್ರಿ."

ಇಷ್ಟೇ. ದೇಸಾಯರು ಪುಸ್ತಕ ತಮ್ಮ ಹತ್ತಿರವೇ ಇಟ್ಟುಕೊಂಡರು. ಚಹಾ ಕುಡಿದೆ, ಬಿಸಿ ಇತ್ತು, ಸಕ್ಕರೆ ಹೆಚ್ಚಾಗಿತ್ತು. ದಿನಚರಿಯಲ್ಲಿ ಅದೂ ಇದೆ. ನಾನು ಹೇಳಿದ ಆ ಎರಡು ಮಾತು ಮಾತ್ರ ಇಲ್ಲ. ಎಲ್ಲ ಬರೆಯುವ ನಾನು ಆ ದಿನ ಬರೆದದ್ದು: "ಇಳಕಲ್ಲು. ಪುಸ್ತಕ ಕೊಟ್ಟೆ. ವಾಪಸು ಬಸ್ಸು ತಡ."

ಅದಾದ ಮೇಲೆ ಎರಡು ಪಂದ್ಯ ಉಳಿದಿದ್ದವು. ಕೊನೆಯದು ಬಾಗಲಕೋಟೆಯಲ್ಲೇ, ಎಲ್ಲಿಂದಲೋ ಬಾಡಿಗೆಗೆ ತಂದ ಮ್ಯಾಟಿನ ಮೇಲೆ. ಜರ್ಸಿಯ ಬೆನ್ನಿನ ಮೇಲಿದ್ದ ಕಾರ್ಖಾನೆಯ ಹೆಸರಿಗೆ ಬಿಳಿ ಪಟ್ಟಿ ಅಂಟಿಸಿದ್ದೆವು. ಬೆವರಿಗೆ ಅದು ಅರ್ಧ ಕಿತ್ತು ಜೋತಾಡುತ್ತಿತ್ತು. ಆಟಕ್ಕೆ ಮೊದಲು ಮಾಳಕ್ಕ ಎಂದಿನಂತೆ ನನ್ನ ಗಂಟಲಿಗೆ ಭಂಡಾರ ಹಚ್ಚಿದಳು. ನಾನು ಗಂಟಲು ಮುಂದೆ ಮಾಡಿದೆ. ಹಿಂದೆ ಸರಿಯಬೇಕಿತ್ತು...

ದ್ವಿತೀಯಾರ್ಧದಲ್ಲಿ ಮಾಳಕ್ಕ ನಡುವಿಗೆ ಸರಿದು ನನ್ನನ್ನು ಎಡ ಕಾರ್ನರ್‌ಗೆ ಕರೆಸಿಕೊಂಡಳು. ಎರಡು ಅಂಕದ ಹಿನ್ನಡೆ, ನಾಲ್ಕು ನಿಮಿಷ ಬಾಕಿ. ನಾವಿಬ್ಬರೂ ಕೈ ಕೈ ಹಿಡಿದು ನಿಂತಿದ್ದೆವು. ಎದುರಾಳಿ ಒಳಬಂದಳು. ಮಾಳಕ್ಕ ನನ್ನ ಅಂಗೈ ಒತ್ತಿದಳು: ತಡಿ, ಇನ್ನೊಂದು ಹೆಜ್ಜೆ ಬರಲಿ. ನನಗೆ ತಡೆಯಲು ಮನಸ್ಸಿರಲಿಲ್ಲ. ಮುಂದಿನ ವರ್ಷ ಈ ಜಾಗ ನನ್ನದು ಎಂದು ಗೊತ್ತಿತ್ತಲ್ಲ. ದೇಸಾಯರು ಮೊದಲ ಸಾಲಿನಲ್ಲಿ ಕೂತಿದ್ದರಲ್ಲ. ಅವಳ ಕೈ ಬಿಡಿಸಿಕೊಂಡು ಹಾರಿದೆ. ಪಾದ ಸಿಕ್ಕಿತು, ಜಾರಿತು. ಎದುರಾಳಿ ನನ್ನನ್ನೂ ಇನ್ನಿಬ್ಬರನ್ನೂ ಮುಟ್ಟಿ ಗೆರೆ ದಾಟಿದಳು. ಪಂದ್ಯ ಅಲ್ಲಿಗೆ ಹೋಯಿತು.

ಬಿದ್ದಲ್ಲಿಂದ ತಲೆ ಎತ್ತಿ ನೋಡಿದೆ. ಮಾಳಕ್ಕ ಬಲಗೈ ಎತ್ತಿ ನಿಂತಿದ್ದಳು, ಬೆಂಚಿನ ಕಡೆ ಮುಖ ಮಾಡಿ.

ಮೂವತ್ತೆಂಟರ ಮೇಲೆ ಇನ್ನೊಂದು ಅಂದುಕೊಂಡೆ. ಮೊದಲು ಬಂದದ್ದು ಅದೇ, ಅಂಕಿ. ಗೀಟು ಹೊಡೆಯಲು ಪುಸ್ತಕ ಇರಲಿಲ್ಲ.

ಹದಿನಾರು ದಿನದ ಮೇಲೆ ಹೊಸ ಮಾಲೀಕರ ಪಟ್ಟಿ ನಮ್ಮ ವಾಟ್ಸಾಪ್ ಗುಂಪಿಗೆ ಬಂತು. ಹದಿನಾಲ್ಕು ಹೆಸರು. ಐದನೆಯದು ನನ್ನದು. ಮಾಳವ್ವ ಇರಲಿಲ್ಲ. ನದಾಫ್ ಸರ್ ಹೆಸರೂ ಇರಲಿಲ್ಲ. ಹೊಸಬರು ತಮ್ಮ ಕೋಚನ್ನು ಕರೆತಂದಿದ್ದರು. ಹುಡುಗಿಯರು ಅತ್ತರು, ಸಿಟ್ಟಾದರು, ಮಾಲೀಕರಿಗೆ ಶಾಪ ಹಾಕಿದರು. ನಾನೂ ಹಾಕಿದೆ, ಎಲ್ಲರಿಗಿಂತ ಜೋರಾಗಿ. ಮಾಳಕ್ಕ ಟ್ರಂಕು ಕಟ್ಟಿಕೊಂಡು ಹೊರಡುವಾಗ ನನ್ನ ತಲೆ ಸವರಿದಳು. "ನಿನ್ನ ಹೆಸರು ಬಂತಲ್ಲ. ಎಡಗಾಲು ಮುಂದ ಇಡಬ್ಯಾಡ, ತಿಳೀತಿಲ್ಲೋ?"

ನೌಕರಿಯ ಪತ್ರಕ್ಕಾಗಿ ಅವಳು ದೇಸಾಯರ ಹತ್ತಿರ ಹೋಗಿದ್ದಳು, ಸಿಗಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಆ ವರ್ಷ ಅವಳು ನನಗೆ ಎರಡು ಸಲ ಫೋನ್ ಮಾಡಿದಳು. ಎರಡನೆಯ ಸಲದ್ದು ದಿನಚರಿಯಲ್ಲಿ ಹೀಗಿದೆ: "ಮಾಳಕ್ಕನ ಫೋನು. ನಾಲ್ಕು ನಿಮಿಷ. ಏನಾದರೂ ಹೇಳುವುದಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ವಿಶೇಷವಿಲ್ಲ."

ಹೊಸ ಮಾಲೀಕರೂ ಒಂದು ಹಂಗಾಮಿನ ಮೇಲೆ ತಂಡವನ್ನು ಕೈಬಿಟ್ಟರು. ಈಗ ಆ ಹೆಸರಿನ ತಂಡವೇ ಇಲ್ಲ. ನಾನು ಎಡ ಕಾರ್ನರ್‌ನಲ್ಲಿ ಆಡಿದ್ದು ಒಟ್ಟು ಒಂಬತ್ತು ಪಂದ್ಯ. ಅದರಲ್ಲಿ ಒಂದು ದಿನ, ಹೊಸ ಹುಡುಗಿಯೊಬ್ಬಳ ಕೈಯಿಂದ ಹಿಡಿತ ತಪ್ಪಿ, ಅವಳು ಹೆದರಿ ನನ್ನ ಮುಖ ನೋಡಿದಳು. ನಾನು ಕೈ ಎತ್ತಬೇಕು ಅಂದುಕೊಂಡೆ. ಎತ್ತಲಾಗಲಿಲ್ಲ. ಕೋಚು ಅವಳನ್ನು ಬಯ್ದು ಹೊರಗೆ ಕೂಡ್ರಿಸಿದರು. ನನಗೂ ಏನೂ ದಕ್ಕಲಿಲ್ಲವಲ್ಲ, ಅದೇ ಶಿಕ್ಷೆ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಅದೂ ಒಂದು ತಪ್ಪು ಲೆಕ್ಕ. ನನಗೆ ದಕ್ಕದೆ ಹೋದದ್ದರಿಂದ ಮಾಳಕ್ಕನಿಗೆ ಏನು ಬಂತು?

ಕಳೆದ ತಿಂಗಳು, ಭಾನುವಾರ, ನಾನು ಹುನಗುಂದಕ್ಕೆ ಹೋದೆ. ಮಾಳಕ್ಕ ಈಗ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ಅಲ್ಲಿಯ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತಾಳಂತೆ. ನಾನು ಹೋದಾಗ ರೊಟ್ಟಿ ಬಡಿಯುತ್ತಿದ್ದಳು.

"ಅಯ್ಯ, ತಲಾಠಿ! ಏನ್ ಸರ್ವೆ ಮಾಡಾಕ ಬಂದೀಯೇನು? ರೊಟ್ಟಿ ಐವತ್ತರ ಮ್ಯಾಲ ಆಗ್ಯಾವ, ಎಣಸಬ್ಯಾಡ, ದೃಷ್ಟಿ ಆಕ್ಕೈತಿ."

ನಾನು ನಿಂತೇ ಹೇಳಿದೆ. ಇಳಕಲ್ಲು, ದೇಸಾಯರು, ಹೌದ್ರಿ, ನಾ ಆಡ್ತೇನ್ರಿ. ಎಲ್ಲ ಹೇಳಿದೆ. ದಿನಚರಿ ತೆಗೆದು ಕೆಂಪು ಶಾಯಿಯ ಹಾಳೆ ತೋರಿಸಿದೆ. ಅವಳು ನೋಡಲಿಲ್ಲ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. ಒಂದು ರೊಟ್ಟಿ ಹಂಚಿಗೆ ಹೋಯಿತು, ಇನ್ನೊಂದು ಉಂಡೆ ಕೈಗೆ ಬಂತು.

"ಗೊತ್ತೈತಿ" ಎಂದಳು. "ಪತ್ರ ಕೇಳಾಕ ಹೋದಾಗ ಅವರ ಟೇಬಲ್ ಮ್ಯಾಲ ನಿಮ್ಮವ್ವ ಹೊಲಿದ ಖಣದ ಹೊದಿಕಿ ಕಂಡೆ."

"ನೀ ಅವರಿಗೆ ಹೇಳ್ಲಿಲ್ಲೇನಕ್ಕಾ? ಕೈ ಎತ್ತೂದು... ಅದು..."

"ಹೇಳಿದೆ. 'ಎಲ್ಲಾರೂ ಹಂಗ ಹೇಳ್ತಾರವಾ, ಬರದಾಕಿ ಬಂದು ಹೇಳ್ಲಿ, ಪಟ್ಟಿ ತಿದ್ದತೀನಿ' ಅಂದ್ರು."

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಹಬೆ ಎದ್ದು ಮುಖ ಕಾಣಲಿಲ್ಲ.

"ಮತ್ತ ನನ್ನ ಯಾಕ ಕರೀಲಿಲ್ಲ?"

"ಕರದು ಹೇಳಿಸಿದ್ರ ಅದು ನನ್ನ ಮಾತ ಆಗ್ತಿತ್ತು, ನಿಂದಲ್ಲ. ಎರಡು ಸಲ ಫೋನ್ ಹಚ್ಚಿದೆ. ನೀನ ಹೇಳ್ತೀ ಅಂದ್ಕೊಂಡೆ. ಅರ್ಜಿ ಮುಗಿಯೂ ದಿನದ ತನಕ ಕಾದೆ, ನೀಲಾ. ಆಮ್ಯಾಲ ಬಿಟ್ಟೆ."

ನಾಲ್ಕು ನಿಮಿಷ. ವಿಶೇಷವಿಲ್ಲ.

ಅವಳು ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲಿಲ್ಲ. ಹುಡುಗಿಯರು ಊಟಕ್ಕೆ ಬರುವ ಹೊತ್ತಾಗಿತ್ತು. ನನ್ನ ಕೈಗೂ ಒಂದು ತಾಟು ಕೊಟ್ಟಳು. ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ಅಂಕಣದ ಗೆರೆಗಳಿದ್ದವು, ಎಡಮೂಲೆಯ ನೆಲ ಕಾಲು ತಿರುವಿ ತಿರುವಿ ಸವೆದಿತ್ತು. ಅದನ್ನು ನೋಡುತ್ತ ಉಂಡು, ತಾಟು ತೊಳೆದಿಟ್ಟು ಬಂದೆ.

ಆ ಪತ್ರದ ಕಾಲ ಹೋಯಿತು. ಈಗ ನಾನು ಏನು ಬರೆದರೂ ಅದು ಅವಳಿಗೆ ನೌಕರಿ ಕೊಡುವುದಿಲ್ಲ. ಆದರೆ ನನ್ನ ಕೈಯಿಂದ ಹೋದ ತಪ್ಪು ಲೆಕ್ಕ ಇನ್ನೂ ಯಾರದೋ ಟೇಬಲ್ಲಿನಲ್ಲೋ ಕಪಾಟಿನಲ್ಲೋ ಇದೆ, ಖಣದ ಹೊದಿಕೆಯೊಳಗೆ, ನನ್ನ ಅಕ್ಷರದಲ್ಲಿ. ಬರೆದವಳು ಬಂದು ಹೇಳಲಿ ಎಂದಿದ್ದರಂತೆ. ಬಂದಿದ್ದೇನೆ, ತಡವಾಗಿ. ಆ ಮೂವತ್ತೆಂಟು ಗೀಟಿನ ನಿಜವಾದ ಲೆಕ್ಕ ಇದು:

ಬೇರೆ ಹುಡುಗಿಯರದು, ಹದಿಮೂರು. ಅವರ ಹೆಸರು ಬೇಡ.

ಮಾಳವ್ವನದು, ಹನ್ನೊಂದು.

ನನ್ನದು, ಹದಿನಾಲ್ಕು. ಪುಸ್ತಕ ಕೊಟ್ಟ ಮೇಲೆ, ಕೊನೆಯ ಪಂದ್ಯದಲ್ಲಿ ಅವಳು ಕೈ ಎತ್ತಿದ್ದೂ ಸೇರಿಸಿದರೆ, ಹದಿನೈದು.